ಗೇಟಿನ ವೆಲ್ಡಿಂಗ್‌ನಲ್ಲಿ ತೂತು ಯಾಕೆ ಬೀಳುತ್ತೆ

ತಮ್ಮಾ, ಬೆಳಿಗ್ಗೆ ಗ್ರೂಪಿಗೆ ಹಾಕಿದ ಫೋಟೋ ದೊಡ್ಡದು ಮಾಡಿ ನೋಡಿದೆ. ತೋಟದ ಗೇಟಿಗೆ ಮಿಗ್ ಮಷೀನಲ್ಲಿ (ವೈರ್ ತಾನೇ ಬಂದು ಕರಗೋ, ಸುತ್ತ ಗ್ಯಾಸ್ ಊದೋ ವೆಲ್ಡಿಂಗ್ ಮಷೀನು) ಹಾಕಿದ ವೆಲ್ಡಿಂಗ್ ತುಂಬಾ ಸಣ್ಣ ಸಣ್ಣ ತೂತು, ಕರೆಂಟ್ ಏರಿಸ್ಲಾ ಅಂತ ಕೇಳಿದ್ದಿ. ಬೇಡಪ್ಪ. ಫೋಟೋದಲ್ಲಿ ನೀನು ಕೂತಿರೋದು ಶೆಡ್ಡಿನ ಬಾಗಿಲಲ್ಲಿ. ಈ ಕಕ್ಕಡ ತಿಂಗಳ ಮಳೆಗಾಳಿಗೆ ಗ್ಯಾಸ್ ನಿಲ್ಲೋದುಂಟಾ? ಕರಗಿದ ಕಬ್ಬಿಣಕ್ಕೆ ಗ್ಯಾಸಿನ ಮರೆ ತಪ್ಪಿದ್ರೆ ಹೊರಗಿನ ಗಾಳಿ ಸೇರಿ ಗುಳ್ಳೆ ಆಗುತ್ತೆ, ಅಷ್ಟೇ.

ಒಳಗೆ ಹೋಗು, ಗಾಳಿ ಬರೋ ಕಡೆ ಒಂದು ತಗಡು ನಿಲ್ಲಿಸು. ಟಾರ್ಪಲ್ ಕಟ್ಟಬೇಡ, ಕಿಡಿಗೆ ಹತ್ತಿಕೊಳ್ಳುತ್ತೆ. ಗ್ಯಾಸ್ ನಿಮಿಷಕ್ಕೆ 12 ಲೀಟರ್ ಸಾಕು. ಜಾಸ್ತಿ ಬಿಟ್ರೆ ಒಳ್ಳೇದು ಅಂತ 25ಕ್ಕೆ ತಿರುಗಿಸಬೇಡ, ಗ್ಯಾಸ್ ಹೊರಬರೋ ನಾಜಲ್ ಬಾಯಲ್ಲಿ ಸುಳಿ ಎದ್ದು ಹೊರಗಿನ ಗಾಳಿನೇ ಒಳಗೆ ಎಳ್ಕೊಳ್ಳುತ್ತೆ. ನಾಜಲ್ ಒಳಗೆ ಅಂಟಿದ ಕಿಡಿಗುಂಡು ಕೆರೆದು ತೆಗಿ. ಬರೀ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಆದ್ರೆ ರೆಗ್ಯುಲೇಟರ್ ಮೇಲೆ ಮಂಜು ಕಟ್ಟಿದ್ಯಾ ನೋಡು. ಕಟ್ಟಿದ್ರೆ ಗ್ಯಾಸ್ ಸರಿಯಾಗಿ ಬರಲ್ಲ, ಹೀಟರ್ ಇರೋ ರೆಗ್ಯುಲೇಟರ್ ಬೇಕು.

ಇನ್ನೊಂದು ಕಳ್ಳ ಅಂದ್ರೆ ತುಕ್ಕು. ಬೆಸೆಯೋ ಜಾಗದ ಎರಡೂ ಕಡೆ ಒಂದೊಂದು ಇಂಚು ಗ್ರೈಂಡರ್ ಹಿಡಿದು ಹೊಳೆಯೋ ಕಬ್ಬಿಣ ಕಾಣಬೇಕು, ಅರ್ಥ್ ಕ್ಲ್ಯಾಂಪ್ ಕಚ್ಚೋ ಜಾಗನೂ ಸೇರಿ. ನಮ್ಮ ಮಳೆಗಾಲದಲ್ಲಿ ಮಷೀನಲ್ಲೇ ಬಿಟ್ಟ ವೈರ್ ಕೂಡ ತುಕ್ಕು ಹಿಡಿಯುತ್ತೆ. ಕೆಲಸ ಮುಗಿದ ಮೇಲೆ ಬಿಚ್ಚಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡು. ಜಿಐ ಪೈಪಾದ್ರೆ ಸತುವಿನ ಲೇಪ ಉಜ್ಜಿ ತೆಗಿಲೇಬೇಕು. ಸತು ಉರಿದಾಗ ಏಳೋ ಬಿಳಿ ಹೊಗೆ ಕುಡಿದ್ರೆ ರಾತ್ರಿ ಚಳಿ ಜ್ವರ ಗ್ಯಾರಂಟಿ.

ಈಗ ಸೆಟ್ಟಿಂಗ್. 2 ಮಿಲಿಮೀಟರ್ ಪೈಪು, 0.8 ಮಿಲಿಮೀಟರ್ ವೈರು: 17-18 ವೋಲ್ಟ್, ವೈರ್ ನಿಮಿಷಕ್ಕೆ 4-5 ಮೀಟರ್, ಅಲ್ಲಿಂದ ಶುರು ಮಾಡು. ಆಮೇಲೆ ಕಿವಿಗೊಟ್ಟು ಕೇಳು. ಕಾದ ಎಣ್ಣೆಗೆ ಈರುಳ್ಳಿ ಹಾಕಿದ ಹಾಗೆ ಒಂದೇ ಸಮ ಚರಚರ ಅಂದ್ರೆ ಸರಿ. ವೈರ್ ಕೈಯನ್ನೇ ಹಿಂದಕ್ಕೆ ದೂಡಿ ಟಪ್ ಟಪ್ ಅಂದ್ರೆ ಸ್ಪೀಡ್ ಜಾಸ್ತಿ. ತುದಿಯಲ್ಲಿ ಗುಂಡು ಕಟ್ಟಿ, ವೈರ್ ಹೊರಬರೋ ಟಿಪ್ಪಿಗೇ ಅಂಟಿದ್ರೆ ಕಮ್ಮಿ. ಟಿಪ್ಪಿಂದ ಕಬ್ಬಿಣಕ್ಕೆ 10 ಮಿಲಿಮೀಟರ್ ಇರಲಿ, ಟಾರ್ಚ್ (ಕೈಯಲ್ಲಿ ಹಿಡಿಯೋ ವೆಲ್ಡಿಂಗ್ ಗನ್) ಸ್ವಲ್ಪವೇ ವಾಲಿಸಿ ಮುಂದಕ್ಕೆ ತಳ್ಳು. ಮಾಸ್ಕಿನಲ್ಲಿ ಬೆಳಕು ನೋಡಬೇಡ, ಅದರ ಹಿಂದಿನ ಕರಗಿದ ಕೆರೆ ಎಷ್ಟು ಅಗಲ ಇದೆ ಅಂತ ನೋಡ್ತಾ ಕೈ ನಡೆಸು. ಎಲ್ಲ ಕಡೆ ಮೊದಲು ಪಾಯಿಂಟ್ (ಚಿಕ್ಕ ಚುಕ್ಕೆ ಬೆಸುಗೆ) ಹಾಕು, ಒಂದೇ ಮೂಲೆ ಪೂರ್ತಿ ಮುಗಿಸಿದ್ರೆ ಗೇಟು ಸೊಟ್ಟಗಾಗುತ್ತೆ.

ವೈರ್ ತಳ್ಳೋ ರೋಲರ್ ಎಷ್ಟು ಬಿಗಿ ಅಂತ ನೋಡೋಕೆ ವೈರನ್ನ ಒಂದು ಮರದ ತುಂಡಿಗೆ ಓಡಿಸು. ಬಾಗಿ ಸುರುಳಿ ಆಗಬೇಕು, ನಿಲ್ಲಬಾರದು. ತೀರಾ ಬಿಗಿ ಮಾಡಿಟ್ರೆ, ಟಿಪ್ ಕಟ್ಟಿಕೊಂಡ ದಿನ ರೋಲರ್ ಹತ್ರ ವೈರೆಲ್ಲ ಗುಬ್ಬಿಗೂಡು.

ಈಗಿರೋ ತೂತಿನ ಮೇಲೆ ಮತ್ತೆ ವೆಲ್ಡ್ ಎಳೀಬೇಡ, ಗುಳ್ಳೆ ಮೇಲಕ್ಕೇ ಬರುತ್ತೆ. ಪೂರ್ತಿ ಗ್ರೈಂಡ್ ಮಾಡಿ ತೆಗಿ. ಅದಕ್ಕೂ ಮುಂಚೆ ಉಳಿದ ತುಂಡು ಪೈಪಲ್ಲಿ ಎರಡಿಂಚು ಬೆಸೆದು, ಪೈಪಿನ ಒಳಗಿನ ಬದಿ ಫೋಟೋ ಹಾಕು. ಹೊರಗಿನದು ಬೇಡ, ಬೆಸುಗೆ ಒಳಗಿನವರೆಗೆ ಇಳಿದಿದ್ಯಾ ಅಂತ ಒಳಗಿನ ಬದಿಯಲ್ಲೇ ಗೊತ್ತಾಗೋದು.