ಪದಚರ್ಚೆ: ಸೀನರಿ, ಏಪ್ರನ್, ಫ್ರೀವೇರ್

ಬಳಗದ ಎಲ್ಲರಿಗೂ ಕಾರವಾರದಿಂದ ನಮಸ್ಕಾರ.

ಮೂರು ಪದಗಳ ಬಗ್ಗೆ ಕೇಳಬೇಕಿತ್ತು. ಮೂರೂ ಒಂದೇ ಹಾಳೆಯಲ್ಲಿ ಸಿಕ್ಕಿಹಾಕಿಕೊಂಡಿವೆ. ಆ ಹಾಳೆಯ ಕಥೆ ಹೇಳದಿದ್ದರೆ ಪ್ರಶ್ನೆ ಅರ್ಥವಾಗುವುದಿಲ್ಲ, ಸ್ವಲ್ಪ ಸಹಿಸಿಕೊಳ್ಳಿ.

ಶಿರಸಿಯಲ್ಲಿರುವ ನನ್ನ ಅಕ್ಕನ ಮಗನಿಗೆ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಹುಚ್ಚು. ಎಕ್ಸ್‌ಪ್ಲೇನ್ ಅನ್ನುವ ಸಿಮ್ಯುಲೇಟರ್. ನಮ್ಮ ಜಿಲ್ಲೆಯಲ್ಲಿ ಪ್ರಯಾಣಿಕರ ವಿಮಾನ ನಿಲ್ದಾಣ ಇಲ್ಲ. ಅಂಕೋಲೆಯ ಅಲಗೇರಿಯಲ್ಲಿ ಆಗುತ್ತದೆ ಅನ್ನುವ ಮಾತು ಕೇಳುತ್ತ ಬಂದಿದ್ದೇವೆ. ನಾನು ಮುಟ್ಟಿ ನೋಡುವಷ್ಟು ಹತ್ತಿರದಿಂದ ಕಂಡ ದೊಡ್ಡ ವಿಮಾನ ಅಂದರೆ ಇಲ್ಲಿ ಟಾಗೋರ್ ಕಡಲತೀರದಲ್ಲಿ, ಚಾಪಲ್ ಹಡಗಿನ ಹತ್ತಿರ ನಿಲ್ಲಿಸಿರುವ ನೌಕಾಪಡೆಯ ಟುಪೊಲೆವ್. ಅದಂತೂ ಇನ್ನು ಹಾರುವುದಿಲ್ಲ. ಹಾಗಾಗಿ ಹುಡುಗ ಘಟ್ಟದ ಮೇಲಿನ ಹುಬ್ಬಳ್ಳಿ ನಿಲ್ದಾಣ ಹಿಡಿದುಕೊಂಡು ಕೂತ. 2017ರಲ್ಲಿ ಬಂದ ಹೊಸ ಟರ್ಮಿನಲ್, ಅದರ ಮುಂದಿನ ದೀಪದ ಕಂಬ, ಓಡುದಾರಿಯ ತುದಿಯಲ್ಲಿ ಬರೆದ 08, 26 ಅಂಕಿ, ಎಲ್ಲವನ್ನೂ ಕೂರಿಸಿ ಒಂದು ಸೀನರಿ, ಅಂದರೆ ಸಿಮ್ಯುಲೇಟರಿಗೆ ಸೇರಿಸಿಕೊಳ್ಳುವ ನಿಲ್ದಾಣದ ಮಾದರಿ, ಮಾಡಿದ್ದಾನೆ. ಯಾರು ಬೇಕಾದರೂ ಕಾಸಿಲ್ಲದೆ ಇಳಿಸಿಕೊಳ್ಳಬಹುದು. ಅದರ ಜೊತೆ ಕೊಡುವ ಒಂದು ಪುಟದ ಸೂಚನೆ ಕನ್ನಡದಲ್ಲೂ ಇರಲಿ ಅಂತ ಅವನ ಆಸೆ. ಯಂತ್ರದ ಕೈಯಲ್ಲಿ ಅನುವಾದ ಮಾಡಿಸಿ ನನಗೆ ಕಳಿಸಿದ. "ಅಡ್ಡಿಲ್ಯಾ ಮಾವ?" ಅಂತ ಕೇಳಿದ. ಮೊದಲ ಸಾಲೇ "ಮುಂಗವಚದ ವಿನ್ಯಾಸವನ್ನು ನವೀಕರಿಸಲಾಗಿದೆ" ಅಂತಿತ್ತು. ಅಡ್ಡಿಯೇ ಅಡ್ಡಿ.

ಏಪ್ರನ್ ಮೊದಲು ಮುಗಿಸುತ್ತೇನೆ, ಅದು ಸುಲಭ. ಯಂತ್ರ 'ಮುಂಗವಚ' ಮಾಡಿದ್ದು ಅದನ್ನೇ. ಅಡುಗೆಯವರು ಕಟ್ಟಿಕೊಳ್ಳುವ ಬಟ್ಟೆ ಅಲ್ಲ ಅದು. ಟರ್ಮಿನಲ್ ಎದುರು ವಿಮಾನ ನಿಲ್ಲಿಸಿ ಜನ ಇಳಿಸುವ, ಸಾಮಾನು ತುಂಬುವ ಕಾಂಕ್ರೀಟು ಜಾಗ. ಅದಕ್ಕೆ ಅಂಗಳ ಅಂದರೆ ಸಾಕಲ್ವಾ? ಶಿರಸಿಯವರಿಗೆ ಅಂಗಳ ಅಂದರೆ ಅಡಿಕೆ ಒಣಗುವ ಜಾಗ ಅಂತ ಅಳಿಯ ನಕ್ಕ. ನಗಲಿ. ಮನೆ ಮುಂದಿನ ಸಪಾಟು ಜಾಗ, ಗಾಡಿ ಬಂದು ನಿಲ್ಲುವುದೂ ಅಲ್ಲೇ.

ಈಗ ಸೀನರಿ. ಯಂತ್ರ ಕೊಟ್ಟಿದ್ದು 'ದೃಶ್ಯಾವಳಿ'. ಅಳಿಯ ತಿದ್ದಿ 'ದೃಶ್ಯ' ಮಾಡಿದ್ದ. ನನಗೆ ಎರಡೂ ಹಿಡಿಸಲಿಲ್ಲ. ದೃಶ್ಯ ಅಂದರೆ ಕಣ್ಣಿಗೆ ಬೀಳುವಂಥದ್ದು. ಇದರಲ್ಲಿ ಕಣ್ಣಿಗೆ ಬೀಳದ್ದೇ ಜಾಸ್ತಿ: ನೆಲ ಸಮುದ್ರಮಟ್ಟದಿಂದ ಎಷ್ಟು ಎತ್ತರ, ವಿಮಾನ ಯಾವ ದಾರಿ ಹಿಡಿದು ಅಂಗಳಕ್ಕೆ ಬರಬೇಕು, ನಿಲ್ದಾಣದ ನಿಯಂತ್ರಣ ಗೋಪುರದವರ ಜೊತೆ ಯಾವ ಕಂಪನಾಂಕದಲ್ಲಿ ಮಾತಾಡಬೇಕು. ಎತ್ತರ ತಪ್ಪಿದರೆ ಓಡುದಾರಿ ಹಳ್ಳದೊಳಗೆ ಬಿದ್ದಿರುತ್ತದೆ, ಇಲ್ಲವೇ ಗೋಡೆಯ ಮೇಲಿಟ್ಟ ಹಲಗೆಯ ಹಾಗೆ ಗಾಳಿಯಲ್ಲಿ ನಿಂತಿರುತ್ತದೆ.

ಇನ್ನೂ ಒಂದು ತಕರಾರು. ದೃಶ್ಯ ಅಂದಾಗ ಎದುರಿಗೆ ಇರುವುದು ಅನ್ನುವ ಭಾವ ಬರುತ್ತದೆ. ಇಲ್ಲಿ ಹಾಗಿಲ್ಲ. ಅಳಿಯನ ಕಂಪ್ಯೂಟರಿನಲ್ಲಿ ಗೋವಾ ಕಡೆಯಿಂದ ಕಾರವಾರದ ಮೇಲೆ ಹಾರಿ ನೋಡಿದೆ. ನಾನಿರುವ ಕೋಡಿಬಾಗದ ಪಕ್ಕ ಕಾಳಿ ನದಿಗೆ ಎರಡು ಸೇತುವೆ! ಹಳೆಯದು 2024ರ ಆಗಸ್ಟ್ 7ರ ನಡುರಾತ್ರಿ ನದಿಗೆ ಬಿದ್ದದ್ದು ಇಲ್ಲಿ ಎಲ್ಲರಿಗೂ ಗೊತ್ತು. ಅಲ್ಲಿ ಮಾತ್ರ ಸುಮ್ನೆ ನಿಂತಿದೆ. ಯಾಕೆಂದರೆ ಆ ನೆಲ ಯಾವತ್ತೋ ತೆಗೆದ ಉಪಗ್ರಹದ ಫೋಟೋ. ಬಣ್ಣ ಬಳಿದ ಪರದೆಯ ಥರ.

ಪರದೆ ಅಂದಾಗ ನನಗೆ ನಾಟಕ ಕಂಪನಿ ನೆನಪಾಯಿತು. ಶಿರಸಿಯ ಮಾರಿಕಾಂಬಾ ಜಾತ್ರೆಗೆ ಬಂದು ಥಿಯೇಟರ್ ಹಾಕುವವರು ಈ ಪದವನ್ನು ಯಾವತ್ತಿನಿಂದಲೋ ಬಳಸುತ್ತಿದ್ದಾರೆ. ಅರಮನೆ ಸೀನು, ಕಾಡಿನ ಸೀನು, ಬೀದಿ ಸೀನು. ಎಲ್ಲ ಸೇರಿ ಸೀನು-ಸೀನರಿ. ಚಿಕ್ಕವನಿದ್ದಾಗ ಒಂದು ನಾಟಕದಲ್ಲಿ ಕಾಡಿನ ಪರದೆ ಇಳಿಯುತ್ತ ಮಧ್ಯೆ ಹಗ್ಗ ಸಿಕ್ಕಿಕೊಂಡಿತು. ಮೇಲೆ ಮರ, ಕೆಳಗೆ ಅರಮನೆಯ ಕೆಂಪು ಮೆಟ್ಟಿಲು. ನಾಯಕ ಮೆಟ್ಟಿಲ ಮುಂದೆ ನಿಂತೇ "ಈ ಘೋರಾರಣ್ಯದಲ್ಲಿ..." ಅಂದ. ಟೆಂಟು ಎದ್ದು ಬೀಳುವ ಹಾಗೆ ನಗು.

ಸಿಮ್ಯುಲೇಟರಿನಲ್ಲಿ ಆಗುವುದೂ ಥೇಟ್ ಇದೇ. ಹುಬ್ಬಳ್ಳಿಗೆ ಬೇರೆಯವರು ಮಾಡಿದ ಹಳೇ ಸೀನರಿ ಒಂದಿತ್ತಂತೆ. ಅದನ್ನು ತೆಗೆಯದೆ ಹೊಸದನ್ನೂ ಹಾಕಿದಾಗ ಒಂದು ಟರ್ಮಿನಲ್ಲಿನ ಹೊಟ್ಟೆಯಿಂದ ಇನ್ನೊಂದರ ಮೂಲೆ ಹೊರಗೆ ಬಂದಿತ್ತು. ಯಾವುದರ ಮೇಲೆ ಯಾವುದು ಅಂತ ಹೇಳುವ ಪಟ್ಟಿಯ ಕಡತ ಒಂದಿದೆ, ಅದರಲ್ಲಿ ಮೇಲಿನ ಸಾಲಿನದ್ದೇ ಮೇಲುಗೈ. ಆದರೂ ಕೆಳಗಿನದರ ಕಟ್ಟಡ ಇಣುಕುತ್ತದೆ. ಅದನ್ನು ಅಡಗಿಸಲು ಮೇಲಿನದರಲ್ಲೇ ಒಂದು ಚೌಕ ಎಳೆದಿಟ್ಟಿರಬೇಕು. ಮುಂದಿನ ಪರದೆ ಹಿಂದಿನದನ್ನು ಪೂರ್ತಿ ಮುಚ್ಚಬೇಕು, ಅಷ್ಟೇ.

ಹಾಗಾಗಿ ನನ್ನ ಮಟ್ಟಿಗೆ ಸೀನರಿ ಸೀನರಿಯೇ. ಶಾಲೆಯಲ್ಲಿ ಎರಡು ಗುಡ್ಡ, ನಡುವೆ ಸೂರ್ಯ, ಒಂದು ತೆಂಗಿನಮರ ಬರೆದವರೆಲ್ಲ "ಸೀನರಿ ಬರೆದೆ" ಅಂದವರೇ. ಇಂಗ್ಲಿಷಿನಲ್ಲೂ ಈ ಪದ ರಂಗದಿಂದ ಬಯಲಿಗೆ ಹೋದದ್ದೇ ಹೊರತು ಬಯಲಿಂದ ರಂಗಕ್ಕೆ ಬಂದದ್ದಲ್ಲ. ಅಲ್ಲದೆ ಕಡತ ಹಾಕಬೇಕಾದ ಫೋಲ್ಡರಿನ ಹೆಸರೇ 'ಕಸ್ಟಮ್ ಸೀನರಿ'. ಅಳಿಯನ ಗೆಳೆಯನೊಬ್ಬ ಕನ್ನಡ ಸೂಚನೆ ಓದಿ 'ದೃಶ್ಯಾವಳಿ' ಫೋಲ್ಡರ್ ಎಲ್ಲಿದೆ ಅಂತ ಅರ್ಧ ಗಂಟೆ ಹುಡುಕಿದ್ದನಂತೆ. ಅಚ್ಚಗನ್ನಡದವರು ಬೈಯುವಿರಾದರೆ ಬೈಯಿರಿ, ಆದರೆ ಬದಲಿ ಪದದ ಜೊತೆ ಬೈಯಿರಿ.

ನಿಜವಾಗಿ ಕಗ್ಗಂಟು ಇರುವುದು ಫ್ರೀವೇರ್‌ನಲ್ಲಿ. ಅಂದರೆ ಕಾಸಿಲ್ಲದೆ ಕೊಟ್ಟರೂ ಹಕ್ಕು ಮಾಡಿದವನ ಬಳಿಯೇ ಉಳಿಯುವ ತಂತ್ರಾಂಶ. ಅಳಿಯ 'ಉಚಿತ ತಂತ್ರಾಂಶ' ಅಂತ ಬರೆದಿದ್ದ. ಉಚಿತ ಅಂದರೆ ಮೂಲದಲ್ಲಿ ತಕ್ಕದ್ದು, ಸರಿಯಾದದ್ದು. ಸಮಯೋಚಿತ, ಉಚಿತಾನುಚಿತ ಅನ್ನುವಾಗ ಆ ಅರ್ಥವೇ ಉಳಿದಿದೆ. ಕಾಸಿಲ್ಲದ್ದು ಅನ್ನುವುದು ಈಗಿನ ಬಳಕೆ, ಅದಕ್ಕೆ ನನ್ನ ಜಗಳವಿಲ್ಲ. ಜಗಳ ಮುಂದಿನ ಸಾಲಿನದ್ದು: "ಇದನ್ನು ಮಾರಬಾರದು, ನನ್ನನ್ನು ಕೇಳದೆ ಬದಲಾಯಿಸಿ ಹಂಚಬಾರದು." ಉಚಿತ ಅಂದಮೇಲೆ ನಮ್ಮ ಜನ ಅದು ಯಾರದ್ದೂ ಅಲ್ಲ ಅಂದುಕೊಳ್ಳುತ್ತಾರೆ. ಫ್ಲೈಟ್‌ಗಿಯರ್ ಅಂತ ಇನ್ನೊಂದು ಸಿಮ್ಯುಲೇಟರ್ ಇದೆ. ಅದರ ಒಳಗುಟ್ಟೂ ತೆರೆದಿದೆ, ತಿದ್ದಿ ಹಂಚಬಹುದು, ಮಾರಲೂಬಹುದು. ಅದಕ್ಕೆ 'ಮುಕ್ತ' ಅನ್ನುತ್ತೇವೆ. ಅಳಿಯನದು ಮುಕ್ತ ಅಲ್ಲ. ಕೊಟ್ಟಿದ್ದಾನೆ, ಬಿಟ್ಟುಕೊಟ್ಟಿಲ್ಲ. ಈ ವ್ಯತ್ಯಾಸ ಒಂದೇ ಪದದಲ್ಲಿ ಬರಬೇಕು.

ನಮ್ಮ ಕಡೆ ಬಾಯಲ್ಲಿರುವ ಪದ ಪುಕ್ಕಟೆ, ಪುಕ್ಸಟ್ಟೆ. ಪಕ್ಕದ ಮನೆಯ ಕೊಂಕಣಿಯವರು ಫುಕಟ್ ಅನ್ನುತ್ತಾರೆ. ಎಲ್ಲದರಲ್ಲೂ ಸ್ವಲ್ಪ ಹಗುರದ ಧ್ವನಿ. ಬಿಟ್ಟಿ ಅಂದರೆ ಇನ್ನೂ ಮೋಜಿನದು. ಅದು ವಿಷ್ಟಿಯಿಂದ ಬಂದದ್ದು, ಕೂಲಿ ಕೊಡದೆ ಮಾಡಿಸಿಕೊಳ್ಳುವ ಕೆಲಸ. ಬಿಟ್ಟಿ ಚಾಕರಿ ಅನ್ನುತ್ತೇವಲ್ಲ, ಅದು. ಮೊದಲು ದುಡಿದವನ ಪಾಡು ಹೇಳುತ್ತಿದ್ದ ಪದ ಈಗ ತಿನ್ನುವವನ ಲಾಭ ಹೇಳುತ್ತದೆ. ಅಳಿಯ ನಾಲ್ಕು ತಿಂಗಳ ರಾತ್ರಿ ನಿದ್ದೆಗೆಟ್ಟದ್ದನ್ನು ನೋಡಿದ ನನಗೆ ಹಳೇ ಅರ್ಥವೇ ಸರಿ ಅನಿಸಿತು. ಇಳಿಸಿಕೊಂಡವರಲ್ಲಿ ಒಬ್ಬ "ಪಾರ್ಕಿಂಗಿನಲ್ಲಿ ಕಾರು ಕಡಿಮೆ" ಅಂತ ಬರೆದಿದ್ದ. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ.

ಆ ಗಾದೆಯಿಂದಲೇ ಒಂದು ದಾರಿ ಹೊಳೆಯಿತು: 'ಧರ್ಮಕ್ಕೆ ಕೊಟ್ಟದ್ದು'. ಆದರೆ ಸೂಚನೆಯ ಹಾಳೆಯಲ್ಲಿ 'ಇದು ಧರ್ಮದ ಸೀನರಿ' ಅಂತ ಬರೆದರೆ ಹುಬ್ಬಳ್ಳಿಯಲ್ಲಿ ಗುಡಿ ಕಟ್ಟಿದ್ದಾನೆ ಅಂದುಕೊಂಡಾರು. ಇನ್ನೊಂದು ಯಕ್ಷಗಾನದ್ದು. ಟಿಕೆಟ್ ಇಟ್ಟು ಆಡುವುದು ಡೇರೆ ಆಟ, ಯಾರಾದರೂ ಹರಕೆ ಹೊತ್ತು ಆಡಿಸಿದರೆ ಬಯಲಾಟ, ನೋಡಲು ಬಂದವರಿಗೆ ಟಿಕೆಟ್ ಇಲ್ಲ. ಟಿಕೆಟ್ ಇಲ್ಲ ಅಂತ ಮೇಳವೇ ನಮ್ಮದು ಅಂತ ಯಾರೂ ಅನ್ನುವುದಿಲ್ಲ. ಅರ್ಥ ಸರಿಯಾಗಿ ಕೂರುತ್ತದೆ, ಆದರೆ ದುಡ್ಡಿನ ಸೀನರಿಗೆ 'ಡೇರೆ ಸೀನರಿ', ಇದಕ್ಕೆ 'ಬಯಲು ಸೀನರಿ' ಅಂದರೆ ಬಯಲುಸೀಮೆಯವರು ಬೇರೆ ಏನೋ ತಿಳಿಯುತ್ತಾರೆ.

ಸದ್ಯಕ್ಕೆ ಹಾಳೆಯಲ್ಲಿ ಹೀಗೆ ಬರೆದಿಟ್ಟಿದ್ದೇನೆ: "ಇದಕ್ಕೆ ಕಾಸು ಕೊಡಬೇಕಿಲ್ಲ. ಬಳಸಿ. ಮಾರಬೇಡಿ. ತಿದ್ದಿ ಹಂಚುವ ಮೊದಲು ಒಂದು ಮಾತು ಕೇಳಿ." ಫ್ರೀವೇರ್ ಅನ್ನುವ ಪದವೇ ಇಲ್ಲದೆ ನಡೆದುಹೋಯಿತು. ಆದರೆ ಅಳಿಯನಿಗೆ ಶೀರ್ಷಿಕೆಯಲ್ಲಿ ಹಾಕಲು ಒಂದೇ ಪದ ಬೇಕಂತೆ.

ಕೊಟ್ಟದ್ದು ಹೌದು, ಬಿಟ್ಟುಕೊಟ್ಟದ್ದಲ್ಲ ಅನ್ನುವುದಕ್ಕೆ ನಿಮ್ಮ ಊರಲ್ಲಿ ಪದ ಇದೆಯೇ? ಗದ್ದೆ, ತೋಟ, ಬಾವಿ, ದೋಣಿಯ ಬಳಕೆಯಲ್ಲಿ ಇರಬಹುದು. ನಾಟಕ ಕಂಪನಿಯಲ್ಲಿದ್ದವರು ಯಾರಾದರೂ ಇದ್ದರೆ ಇನ್ನೊಂದು: ಹಿಂದಿನ ಪರದೆ ಇಣುಕದ ಹಾಗೆ ಮುಂದಿನದನ್ನು ಇಳಿಬಿಡುವುದಕ್ಕೆ ನೀವು ಏನನ್ನುತ್ತಿದ್ದಿರಿ? ಟರ್ಮಿನಲ್ ಅಡಗಿಸುವ ಆ ಚೌಕಕ್ಕೆ ಅದೇ ಪದ ಹಾಕುತ್ತೇನೆ.