ಖಾಸಗಿ ಸಹಭಾಗಿತ್ವದ ರಸ್ತೆ ಯೋಜನೆ: ಟೆಂಡರ್ ಕರೆಯುವ ಮೊದಲು ಏನೇನು ಗಟ್ಟಿ ಮಾಡಿಕೊಳ್ಳಬೇಕು? ಅನುಭವ ಹಂಚಿಕೊಳ್ಳಿ

ಪ್ರಶ್ನೆ

ನಾನು ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಕಾರ್ಯಪಾಲಕ ಎಂಜಿನಿಯರ್. ಹನ್ನೊಂದು ವರ್ಷಗಳಿಂದ ಇಲಾಖೆಯ ಹಣದಲ್ಲೇ ನಡೆಯುವ ಕಾಮಗಾರಿಗಳನ್ನು ನೋಡಿಕೊಂಡು ಬಂದವಳು. ಕಳೆದ ತಿಂಗಳು ಸುಮಾರು 60 ಕಿ.ಮೀ. ರಾಜ್ಯ ಹೆದ್ದಾರಿಯನ್ನು ಚತುಷ್ಪಥ ಮಾಡುವ ಕಡತ ನನ್ನ ಮೇಜಿಗೆ ಬಂದಿದೆ. ಅದನ್ನು ಸರ್ಕಾರಿ–ಖಾಸಗಿ ಸಹಭಾಗಿತ್ವದಲ್ಲಿ ಮಾಡಬೇಕೆಂಬುದು ಮೇಲಿನವರ ಸೂಚನೆ. ಟೋಲ್ ಆಧಾರಿತ ಬಿಒಟಿ (ಖಾಸಗಿಯವರೇ ಕಟ್ಟಿ, ಟೋಲ್ ವಸೂಲಿ ಮಾಡಿ, ಅವಧಿ ಮುಗಿದ ಮೇಲೆ ಸರ್ಕಾರಕ್ಕೆ ಒಪ್ಪಿಸುವುದು) ಒಳ್ಳೆಯದೋ, ಹ್ಯಾಮ್ (ಸರ್ಕಾರವೂ ಖಾಸಗಿಯವರೂ ಹಣ ಹಾಕಿ, ಖಾಸಗಿಯವರಿಗೆ ಸರ್ಕಾರ ಕಂತುಗಳಲ್ಲಿ ಹಿಂದಿರುಗಿಸುವುದು) ಮಾದರಿ ಒಳ್ಳೆಯದೋ ಎಂದು ಟಿಪ್ಪಣಿ ಬರೆಯಲು ಹೇಳಿದ್ದಾರೆ. ಪುಸ್ತಕದಲ್ಲಿರುವ ವ್ಯತ್ಯಾಸಗಳು ಗೊತ್ತಿವೆ. ಇಂಥ ಯೋಜನೆಗಳಲ್ಲಿ ನಿಜವಾಗಿ ಕೈ ಸುಟ್ಟುಕೊಂಡವರ, ದಡ ಸೇರಿಸಿದವರ ಮಾತು ಬೇಕಾಗಿದೆ.

ಉತ್ತರ 1 (ನಿವೃತ್ತ ಅಧೀಕ್ಷಕ ಎಂಜಿನಿಯರ್, ಧಾರವಾಡ)

ಮೇಡಂ, ಮಾದರಿಯ ಪ್ರಶ್ನೆಯನ್ನು ಎರಡು ವಾರ ಬದಿಗಿಡಿ. ಮೊದಲು ಹಳ್ಳಿವಾರು, ಸರ್ವೆ ನಂಬರ್‌ವಾರು ಜಮೀನಿನ ಪಟ್ಟಿ ತರಿಸಿಕೊಳ್ಳಿ. ನನ್ನ ಸೇವೆಯಲ್ಲಿ ಎರಡು ಸಹಭಾಗಿತ್ವದ ರಸ್ತೆಗಳನ್ನು ನೋಡಿದ್ದೇನೆ. ಎರಡರಲ್ಲೂ ತಡವಾದದ್ದು ಹಣದಿಂದಲ್ಲ, ಜಮೀನಿನಿಂದ.

ರಾಷ್ಟ್ರೀಯ ಹೆದ್ದಾರಿಗಳ ಒಪ್ಪಂದಗಳಲ್ಲಿ, ಕಾಮಗಾರಿ ಶುರುವಾಗುವ ‘ಅಪಾಯಿಂಟೆಡ್ ಡೇಟ್’ ಹೊತ್ತಿಗೆ ಶೇ 80ರಷ್ಟು ಜಾಗ ಸರ್ಕಾರದ ಕೈಯಲ್ಲಿರಬೇಕು ಎಂಬ ರೂಢಿ ಇತ್ತು. ನಾವೂ ಶೇ 80 ಇದೆ ಎಂದು ಪ್ರಮಾಣಪತ್ರ ಕೊಟ್ಟೆವು, ಅದು ಸುಳ್ಳೂ ಆಗಿರಲಿಲ್ಲ. ಆದರೆ ಉಳಿದ ಶೇ 20 ಒಂದೇ ಕಡೆ ಇರಲಿಲ್ಲ. ಒಂದು ಕಿಲೋಮೀಟರಿಗೆ ಒಂದು ತುಂಡು, ಮತ್ತೊಂದು ಕಿಲೋಮೀಟರಿಗೆ ಇನ್ನೊಂದು ತುಂಡು ಎಂಬಂತೆ ಉದ್ದಕ್ಕೂ ಚದುರಿಕೊಂಡಿತ್ತು. ಡಾಂಬರು ಹಾಸುವ ಪೇವರ್ ಯಂತ್ರಕ್ಕೆ ಎರಡು ಕಿಲೋಮೀಟರ್ ಸಲೀಸಾಗಿ ಓಡುವ ಜಾಗ ಸಿಗಲಿಲ್ಲ. ಯಂತ್ರ ನಿಂತರೂ ಬಾಡಿಗೆ ನಿಲ್ಲುವುದಿಲ್ಲ, ಸಾಲದ ಬಡ್ಡಿಯೂ ನಿಲ್ಲುವುದಿಲ್ಲ. ಆದ್ದರಿಂದ ಶೇಕಡಾವಾರು ಲೆಕ್ಕವನ್ನು ನಂಬದೆ, ಉದ್ದನೆಯ ಕಾಗದದ ಮೇಲೆ ರಸ್ತೆಯನ್ನು ಗೆರೆ ಎಳೆದು, ಸಿಕ್ಕ ಜಾಗಕ್ಕೆ ಹಸಿರು, ಸಿಗದ ಜಾಗಕ್ಕೆ ಕೆಂಪು ಬಳಿದು ನೋಡಿ. ನಿಮ್ಮ ಕಣ್ಣಿಗೇ ಸತ್ಯ ಕಾಣುತ್ತದೆ.

ಒಂದು ಉದಾಹರಣೆ ಹೇಳುತ್ತೇನೆ. ನಮ್ಮ ರಸ್ತೆಯ ಒಂದು ತಿರುವಿನಲ್ಲಿ ಹದಿನಾಲ್ಕು ಗುಂಟೆ ಜಾಗ ಮಾತ್ರ ಬಾಕಿ ಇತ್ತು. ಪಹಣಿ ಅಜ್ಜನ ಹೆಸರಿನಲ್ಲಿತ್ತು, ಆ ಅಜ್ಜ ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು. ನಾಲ್ವರು ಮೊಮ್ಮಕ್ಕಳು ಬಾಯಿಮಾತಿನಲ್ಲಿ ಹಂಚಿಕೊಂಡು ಉಳುಮೆ ಮಾಡುತ್ತಿದ್ದರು. ಪೋಡಿ, ಅಂದರೆ ಸರ್ಕಾರಿ ದಾಖಲೆಯಲ್ಲಿ ಜಮೀನಿನ ವಿಭಜನೆ, ಆಗಿರಲಿಲ್ಲ. ಪರಿಹಾರದ ನೋಟಿಸು ಸತ್ತವರ ಹೆಸರಿಗೆ ಹೋಗಿತ್ತು. ಜಂಟಿ ಅಳತೆಯ ದಿನ ಹೊಲದಲ್ಲಿ ಯಾರೂ ಇರಲಿಲ್ಲವಾದ್ದರಿಂದ ಬಾವಿಯನ್ನೂ ತೆಂಗಿನ ಮರಗಳನ್ನೂ ಪಟ್ಟಿಗೆ ಸೇರಿಸಿರಲಿಲ್ಲ. ಹಿರಿಯವನ ಹೆಂಡತಿ ಆ ನೋಟಿಸನ್ನು ಪ್ಲಾಸ್ಟಿಕ್ ಚೀಲದಿಂದ ತೆಗೆದು ನನ್ನ ಕೈಗಿತ್ತು, “ಸಾಹೇಬ್ರ, ಇದರಾಗ ನಮ್ಮ ಬಾವಿ ಎಲ್ಲೈತ್ರಿ?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ವಂಶವೃಕ್ಷ ಮಾಡಿಸಿ, ಖಾತೆ ಬದಲಿಸಿ, ಬಾವಿ ಮತ್ತು ಮರಗಳ ಬೆಲೆ ಮತ್ತೆ ಕಟ್ಟಿಸಿ ಹಣ ಅವರ ಖಾತೆಗೆ ಬೀಳುವವರೆಗೆ ಹದಿನೇಳು ತಿಂಗಳು ಹಿಡಿಯಿತು. ಆ ಕುಟುಂಬ ಒಂದು ದಿನವೂ ಕೆಲಸಕ್ಕೆ ಅಡ್ಡಿ ಮಾಡಲು ಬಂದದ್ದಲ್ಲ, ನಮ್ಮ ದಾಖಲೆಯೇ ಅವರಿಗೆ ಅಡ್ಡಿಯಾಗಿತ್ತು. ಹದಿನಾಲ್ಕು ಗುಂಟೆಗಾಗಿ ಗುತ್ತಿಗೆದಾರರು ಕೇಳಿದ ವಿಳಂಬ ಪರಿಹಾರವು ಆ ಜಮೀನಿನ ಬೆಲೆಗಿಂತ ಎಷ್ಟೋ ಪಟ್ಟು ಹೆಚ್ಚಾಗಿತ್ತು.

ಇನ್ನೊಂದು ಮಾತು. 2013ರ ಕೇಂದ್ರ ಭೂಸ್ವಾಧೀನ ಕಾಯ್ದೆಯು ಸಹಭಾಗಿತ್ವದ ಯೋಜನೆಗಳಿಗೆ ಬಾಧಿತ ಕುಟುಂಬಗಳಲ್ಲಿ ಶೇ 70ರಷ್ಟು ಮಂದಿಯ ಒಪ್ಪಿಗೆ ಬೇಕೆನ್ನುತ್ತದೆ. ಆಮೇಲೆ ಹಲವು ರಾಜ್ಯಗಳು ತಮ್ಮ ತಮ್ಮ ತಿದ್ದುಪಡಿಗಳನ್ನು ತಂದಿವೆ. ನಿಮ್ಮ ಯೋಜನೆಗೆ ಯಾವುದು ಅನ್ವಯಿಸುತ್ತದೆ ಎಂಬುದನ್ನು ಕಾನೂನು ಕೋಶದಿಂದ ಬರಹದಲ್ಲೇ ತರಿಸಿಕೊಳ್ಳಿ. ಬಾಯಿಮಾತಿನ ಅಭಿಪ್ರಾಯ ಕಡತದಲ್ಲಿ ನಿಲ್ಲುವುದಿಲ್ಲ.

ಜಮೀನನ್ನು ಬೇರೆ ರೀತಿಯಲ್ಲೂ ಪಡೆಯಬಹುದು ಎಂಬುದಕ್ಕೆ ನಮ್ಮ ಪಾವಗಡವೇ ಸಾಕ್ಷಿ. ಅಲ್ಲಿನ 2,050 ಮೆಗಾವಾಟ್ ಸೌರ ಪಾರ್ಕಿಗೆ ಸುಮಾರು 13,000 ಎಕರೆ ಬೇಕಾಯಿತು. ಸರ್ಕಾರ ಅದನ್ನು ಸ್ವಾಧೀನ ಮಾಡಿಕೊಳ್ಳದೆ, ರೈತರಿಂದ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗೇಣಿಗೆ ಪಡೆದು, ಖಾಸಗಿ ಕಂಪನಿಗಳಿಗೆ ಸಿದ್ಧ ಜಾಗವಾಗಿ ಒದಗಿಸಿತು. ರಸ್ತೆಗೆ ಗೇಣಿ ಪದ್ಧತಿ ಹೊಂದುವುದಿಲ್ಲ, ಒಪ್ಪುತ್ತೇನೆ. ಆದರೆ ಜಾಗದ ಹೊಣೆಯನ್ನು ಸರ್ಕಾರ ಪೂರ್ತಿ ಮುಗಿಸಿದ ಮೇಲೆಯೇ ಖಾಸಗಿಯವರನ್ನು ಕರೆಯಬೇಕು ಎಂಬ ಕ್ರಮ ಮಾತ್ರ ಎಲ್ಲ ಕಡೆಗೂ ಒಂದೇ.

ಉತ್ತರ 2 (ಸರ್ಕಾರಿ ಬ್ಯಾಂಕೊಂದರ ಯೋಜನಾ ಸಾಲ ವಿಭಾಗದಲ್ಲಿದ್ದವರು)

ಮೇಲಿನ ಹಿರಿಯರು ಜಮೀನಿನ ಬಗ್ಗೆ ಹೇಳಿದ್ದನ್ನು ನಾನು ವಾಹನ ಸಂಖ್ಯೆಯ ಬಗ್ಗೆ ಹೇಳಬೇಕಾಗಿದೆ.

ಬಿಒಟಿಯಲ್ಲಿ ಸಾಲ ತೀರುವುದು ಟೋಲಿನಿಂದ. ಟೋಲ್ ಎಷ್ಟು ಬರುತ್ತದೆ ಎನ್ನುವುದು ನಿಂತಿರುವುದು ಏಳು ದಿನಗಳ ವಾಹನ ಗಣತಿಯ ಮೇಲೆ. ಒಂದು ಯೋಜನೆಯ ಗಣತಿ ವರದಿಯಲ್ಲಿ ಸಂಖ್ಯೆ ಚೆನ್ನಾಗಿಯೇ ಇತ್ತು. ಮನಸ್ಸಿಗೆ ಸಮಾಧಾನವಾಗದೆ ನಾನೇ ಹೋಗಿ, ಟೋಲ್ ಕಟ್ಟೆ ಬರಬೇಕಾಗಿದ್ದ ಜಾಗದ ಎದುರಿನ ಚಹಾದಂಗಡಿಯಲ್ಲಿ ಒಂದು ಹಗಲು, ಒಂದು ರಾತ್ರಿ ಕುಳಿತೆ. ಅಂಗಡಿಯವರನ್ನು ಮಾತಿಗೆಳೆದಾಗ ಗೊತ್ತಾಯಿತು: ಗಣತಿ ನಡೆದದ್ದು ಕಬ್ಬು ನುರಿಸುವ ಹಂಗಾಮಿನಲ್ಲಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಗ್ರಾಮೀಣ ಹೆದ್ದಾರಿ ಮಾರ್ಗಸೂಚಿಯ ಪ್ರಕಾರ ಟ್ರೇಲರ್ ಸಹಿತ ಒಂದು ಟ್ರ್ಯಾಕ್ಟರ್ ನಾಲ್ಕೂವರೆ ಕಾರಿಗೆ ಸಮ. ಹೀಗಾಗಿ ರಸ್ತೆ ಕಿಕ್ಕಿರಿದಿದೆ, ಚತುಷ್ಪಥ ಆಗಲೇಬೇಕು ಎಂದು ಲೆಕ್ಕ ಹೇಳುತ್ತಿತ್ತು. ಆದರೆ ರಾಷ್ಟ್ರೀಯ ಹೆದ್ದಾರಿಯ ಶುಲ್ಕ ನಿಯಮಗಳಲ್ಲಿ ಟ್ರ್ಯಾಕ್ಟರಿಗೆ ಟೋಲ್ ಇಲ್ಲ, ಆ ಯೋಜನೆಯೂ ಅದೇ ವಿನಾಯಿತಿಯನ್ನು ಎತ್ತಿಕೊಂಡಿತ್ತು. ರಸ್ತೆ ತುಂಬಿಸುವ ವಾಹನ ಬೇರೆ, ಪೆಟ್ಟಿಗೆ ತುಂಬಿಸುವ ವಾಹನ ಬೇರೆ. ನಿಮ್ಮ ಡಿಪಿಆರ್‌ನಲ್ಲಿ (ವಿಸ್ತೃತ ಯೋಜನಾ ವರದಿಯಲ್ಲಿ) ಇವೆರಡನ್ನೂ ಬೇರೆ ಬೇರೆ ಪಟ್ಟಿಯಲ್ಲಿ ಕೊಡಲು ಸಲಹೆಗಾರರಿಗೆ ಹೇಳಿ. ಗಣತಿಯನ್ನು ಹಂಗಾಮಿನಲ್ಲೊಮ್ಮೆ, ಹಂಗಾಮು ಮುಗಿದ ಮೇಲೊಮ್ಮೆ ಮಾಡಿಸಿ. ಪಕ್ಕದಲ್ಲಿ ಟೋಲ್ ಇಲ್ಲದ ಹಳ್ಳಿ ರಸ್ತೆ ಇದ್ದರೆ ಲಾರಿ ಚಾಲಕರು ಎಷ್ಟು ಸುತ್ತಿ ಹೋಗಲು ತಯಾರಿದ್ದಾರೆ ಎಂದು ಅವರನ್ನೇ ಕೇಳಿಸಿ.

2009ರಿಂದ 2012ರವರೆಗೆ ದೇಶದಲ್ಲಿ ಬಿಒಟಿ ರಸ್ತೆಗಳಿಗೆ ಮುಗಿಬಿದ್ದು ಬಿಡ್ ಮಾಡಿದ್ದನ್ನು ನೀವು ಕೇಳಿರಬಹುದು. ಸಂಚಾರ ಬೆಳೆಯುತ್ತಲೇ ಹೋಗುತ್ತದೆಂದು ನಂಬಿ, ಸರ್ಕಾರಕ್ಕೇ ಪ್ರತಿವರ್ಷ ಪ್ರೀಮಿಯಂ ಕಟ್ಟುತ್ತೇವೆಂದು ಬರೆದುಕೊಟ್ಟವರಿದ್ದರು. ಆ ಕಡತಗಳಿಗೆ ಸಾಲ ಮಂಜೂರು ಮಾಡಿದವರು ನಮ್ಮಂಥ ಬ್ಯಾಂಕಿನವರೇ. ಜನರು ಒಂದು, ಎರಡು, ಮೂರು ವರ್ಷಕ್ಕೆ ಇಡುವ ಠೇವಣಿಯನ್ನು ಹದಿನೈದು ವರ್ಷದ ರಸ್ತೆಗೆ ಕೊಟ್ಟೆವು. ರಸ್ತೆಗಳು ತಡವಾದವು, ಸಾಲಗಳು ಕೆಟ್ಟವು, 2018ರಲ್ಲಿ ಮೂಲಸೌಕರ್ಯಕ್ಕೆ ಸಾಲ ಕೊಡುತ್ತಿದ್ದ ಐಎಲ್ ಆ್ಯಂಡ್ ಎಫ್‌ಎಸ್ ಸಂಸ್ಥೆ ಮರುಪಾವತಿ ತಪ್ಪಿದಾಗ ಹೊಸ ಸಾಲಕ್ಕೆ ಕೈ ಹಾಕುವವರೇ ಇಲ್ಲದಂತಾಯಿತು. ಆ ಠೇವಣಿಗಳಲ್ಲಿ ನಿವೃತ್ತ ಶಿಕ್ಷಕರ ಗ್ರ್ಯಾಚುಯಿಟಿ ಹಣವೂ ಇತ್ತು ಎನ್ನುವುದನ್ನು ನಾನು ಇಂದಿಗೂ ಮರೆತಿಲ್ಲ.

2016ರಲ್ಲಿ ಬಂದ ಹ್ಯಾಮ್ ಈ ಭಯಕ್ಕೆ ಸಿಕ್ಕ ಉತ್ತರ. ನಿರ್ಮಾಣದ ಅವಧಿಯಲ್ಲಿ ಸರ್ಕಾರವೇ ಶೇ 40ರಷ್ಟು ಕೊಡುತ್ತದೆ. ಉಳಿದ ಶೇ 60ನ್ನು ಖಾಸಗಿಯವರು ತಂದು ಹಾಕಿ, ರಸ್ತೆ ಮುಗಿದ ಮೇಲೆ ಹದಿನೈದು ವರ್ಷ, ಆರು ತಿಂಗಳಿಗೊಂದರಂತೆ ಕಂತುಗಳಲ್ಲಿ ಬಡ್ಡಿ ಸಹಿತ ಪಡೆಯುತ್ತಾರೆ. ಟೋಲ್ ಸರ್ಕಾರಕ್ಕೆ, ವಾಹನ ಕಡಿಮೆಯಾದರೆ ಆ ನಷ್ಟವೂ ಸರ್ಕಾರಕ್ಕೆ. 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿ ಇದೇ ಮಾದರಿಯದ್ದು. ಆದರೂ ಇದರಲ್ಲಿ ಅಪಾಯವೇ ಇಲ್ಲ ಎಂದುಕೊಳ್ಳಬೇಡಿ. ಮೊದಮೊದಲು ಕಂತಿನ ಬಡ್ಡಿಯನ್ನು ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೇಲೆ ಶೇ 3 ಎಂದು ಕಟ್ಟಲಾಗಿತ್ತು. 2020ರಲ್ಲಿ ಆ ದರ ಶೇ 4.25ಕ್ಕೆ ಇಳಿದಾಗ ಬರುವ ಬಡ್ಡಿ ಕುಸಿಯಿತು, ಕಟ್ಟಬೇಕಾದ ಸಾಲದ ಬಡ್ಡಿ ಅಷ್ಟು ಬೇಗ ಇಳಿಯಲಿಲ್ಲ. ಆಮೇಲೆ ಅದನ್ನು ಬ್ಯಾಂಕುಗಳು ಸಾಲಕ್ಕೆ ಆಧಾರವಾಗಿ ಇಟ್ಟುಕೊಳ್ಳುವ ಎಂಸಿಎಲ್‌ಆರ್ ದರಕ್ಕೆ ಜೋಡಿಸಬೇಕಾಯಿತು.

ರಾಜ್ಯದ ರಸ್ತೆಗೆ ಹ್ಯಾಮ್ ತರುವುದಾದರೆ ಬ್ಯಾಂಕಿನವರು ಕೇಳುವ ಮೊದಲ ಪ್ರಶ್ನೆ, ಹದಿನೈದು ವರ್ಷದ ಕಂತುಗಳು ಬಜೆಟ್ಟಿನ ಯಾವ ಲೆಕ್ಕ ಶೀರ್ಷಿಕೆಯಿಂದ ಬರುತ್ತವೆ ಎನ್ನುವುದು. ಆರ್ಥಿಕ ಇಲಾಖೆಯ ಬದ್ಧತೆಯ ಪತ್ರವನ್ನು ಟೆಂಡರಿಗೆ ಮುಂಚೆಯೇ ಪಡೆಯಿರಿ. ಬಿಒಟಿ ಆದರೆ, ಟೋಲ್ ಸಾಲದಿದ್ದಾಗ ಕೊರತೆ ತುಂಬುವ ವಿಜಿಎಫ್ ಅನುದಾನಕ್ಕೆ ಅರ್ಹವೇ ಎಂದು ನೋಡಿ. ಕೇಂದ್ರದಿಂದ ಯೋಜನಾ ವೆಚ್ಚದ ಶೇ 20ರವರೆಗೆ, ಯೋಜನೆ ಮಾಡಿಸುವ ಸರ್ಕಾರದಿಂದ ಮತ್ತೆ ಶೇ 20ರವರೆಗೆ ಅವಕಾಶವಿದೆ.

ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ: ವಾಹನ ಸಂಖ್ಯೆಯ ಬಗ್ಗೆ ನಿಮಗೇ ಖಾತರಿ ಇಲ್ಲದಿದ್ದರೆ ಆ ಹೊಣೆಯನ್ನು ಖಾಸಗಿಯವರ ತಲೆಗೆ ಕಟ್ಟಬೇಡಿ. ಹೊರಲಾರದ ಹೊರೆಯನ್ನು ಒಪ್ಪಿಕೊಂಡು ಬಿಡ್ ಮಾಡುವವರು ಇದ್ದೇ ಇರುತ್ತಾರೆ, ಕೊನೆಗೆ ಅದು ತಿರುಗಿ ಇಲಾಖೆಯ ಬಾಗಿಲಿಗೇ ಬರುತ್ತದೆ.

ಉತ್ತರ 3 (ಗುತ್ತಿಗೆ ಕಂಪನಿಯೊಂದರ ಸೈಟ್ ವ್ಯವಸ್ಥಾಪಕ)

ನಮ್ಮ ಕಡೆಯಿಂದ ಒಂದೇ ಬಿನ್ನಹ. ಒಪ್ಪಂದಕ್ಕೆ ಸಹಿ ಬೀಳುವ ಮೊದಲೇ ಪ್ರತಿ ಹಳ್ಳಿಯಲ್ಲಿ ಸಭೆ ಮಾಡಿ, ಅಂಡರ್‌ಪಾಸ್ ಎಲ್ಲಿ ಬೇಕು, ಸರ್ವಿಸ್ ರಸ್ತೆ ಎಲ್ಲಿ ಬೇಕು, ದನಕರು ದಾಟುವ ದಾರಿ ಯಾವುದು, ಮಳೆನೀರು ಯಾರ ಹೊಲಕ್ಕೆ ನುಗ್ಗುತ್ತದೆ ಎಂದು ಕೇಳಿ ನಕ್ಷೆಗೆ ಸೇರಿಸಿ. ನಾನಿದ್ದ ಯೋಜನೆಯಲ್ಲಿ ಮಣ್ಣಿನ ಏರಿ ಎದ್ದ ಮೇಲೆ ಶಾಲೆಯ ಮಕ್ಕಳು ದಾಟಲು ದಾರಿಯಿಲ್ಲ ಎಂದು ಊರವರು ಧರಣಿ ಕುಳಿತರು. ಅವರು ಕೇಳಿದ್ದು ನ್ಯಾಯವಾಗಿಯೇ ಇತ್ತು. ಸ್ಥಳಕ್ಕೆ ಬಂದ ಅಧಿಕಾರಿ “ಮಾಡಿಬಿಡಿ, ಆಮೇಲೆ ನೋಡೋಣ” ಎಂದರು. ನಾವು ಮಾಡಿದೆವು. ಬರಹದಲ್ಲಿ ಕಾಮಗಾರಿ ಬದಲಾವಣೆಯ ಆದೇಶ ಇಲ್ಲದ ಕಾರಣ ಕಾಮಗಾರಿ ಪರಿಶೀಲಿಸುವ ಸ್ವತಂತ್ರ ಎಂಜಿನಿಯರ್ ಆ ಬಿಲ್ಲನ್ನು ಒಪ್ಪಲಿಲ್ಲ. ಬಾಯಿಮಾತಿನಲ್ಲಿ ಏನನ್ನೂ ಮಾಡಿಸಬೇಡಿ, ದಯವಿಟ್ಟು.

ಉತ್ತರ 4 (ಒಪ್ಪಂದಗಳ ಕೆಲಸ ಮಾಡುವ ವಕೀಲರು)

ಈ ಒಪ್ಪಂದಗಳು ಇಪ್ಪತ್ತು, ಮೂವತ್ತು ವರ್ಷ ಬದುಕುತ್ತವೆ. ಸಹಿ ಮಾಡಿದವರು ವರ್ಗವಾಗಿ, ನಿವೃತ್ತರಾಗಿ ಹೋದ ಮೇಲೂ ಅದರ ಒಂದೊಂದು ವಾಕ್ಯ ಊರನ್ನು ಕಟ್ಟಿಹಾಕುತ್ತದೆ. ಬೆಂಗಳೂರು ವಿಮಾನ ನಿಲ್ದಾಣದ 2004ರ ಒಪ್ಪಂದವನ್ನೇ ನೋಡಿ. ಅದರ ಪ್ರಕಾರ ನಿಲ್ದಾಣ ಶುರುವಾಗಿ 25 ವರ್ಷ ತುಂಬುವವರೆಗೆ, ಮೈಸೂರು ಮತ್ತು ಹಾಸನವನ್ನು ಬಿಟ್ಟರೆ, 150 ಕಿ.ಮೀ. ಒಳಗೆ ಇನ್ನೊಂದು ಅಂಥ ನಿಲ್ದಾಣ ಬರುವಂತಿಲ್ಲ. ಖಾಲಿ ಬಯಲಿನಲ್ಲಿ ಹಣ ಹೂಡುವವರಿಗೆ ಆ ರಕ್ಷಣೆ ಬೇಕಿತ್ತು, ಅದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ನಿಲ್ದಾಣ ತೆರೆದದ್ದು 2008ರಲ್ಲಿ. ಹಾಗಾಗಿ ಇಂದು ಎರಡನೇ ನಿಲ್ದಾಣದ ಯೋಚನೆ ಮಾಡುವ ಕರ್ನಾಟಕ ಮಾತ್ರವಲ್ಲ, ಹೊಸೂರಿನಲ್ಲಿ ನಿಲ್ದಾಣ ಬಯಸುವ ತಮಿಳುನಾಡು ಕೂಡ 2033ರ ಲೆಕ್ಕ ಹಾಕಿಕೊಂಡೇ ಮಾತಾಡಬೇಕಾಗಿದೆ. ನಿಮ್ಮ ರಸ್ತೆಯ ಒಪ್ಪಂದದಲ್ಲೂ ಸಮಾನಾಂತರ ರಸ್ತೆ ಕಟ್ಟಬಾರದು ಎಂಬ ಷರತ್ತು ಬರುತ್ತದೆ. ಎಷ್ಟು ವರ್ಷ, ಎಷ್ಟು ದೂರ, ಹಳ್ಳಿ ರಸ್ತೆಯ ಡಾಂಬರೀಕರಣವೂ ಅದರಡಿ ಬರುತ್ತದೆಯೇ ಎಂದು ಸ್ಪಷ್ಟ ಮಾಡಿಕೊಳ್ಳಿ.

ಲಾಭದ ಷರತ್ತು ಇನ್ನೂ ಸೂಕ್ಷ್ಮ. ದೆಹಲಿ–ನೋಯ್ಡಾ ನಡುವಿನ ಡಿಎನ್‌ಡಿ ಮೇಲ್ಸೇತುವೆ 2001ರಲ್ಲಿ ತೆರೆಯಿತು. ಅದರ ಒಪ್ಪಂದದಲ್ಲಿ ಹೂಡಿಕೆಗೆ ವರ್ಷಕ್ಕೆ ಶೇ 20ರ ಆದಾಯ ಖಾತರಿಯಾಗಿ, ಕಡಿಮೆ ಬಿದ್ದದ್ದು ಯೋಜನಾ ವೆಚ್ಚಕ್ಕೇ ಸೇರುತ್ತಾ ಹೋಗುವ ಸೂತ್ರವಿತ್ತು. ಹೀಗಾಗಿ ಜನರು ಎಷ್ಟು ಟೋಲ್ ಕೊಟ್ಟರೂ ಬಾಕಿ ಬೆಳೆಯುತ್ತಲೇ ಇತ್ತು. 2016ರಲ್ಲಿ ಅಲಹಾಬಾದ್ ಹೈಕೋರ್ಟ್ ಟೋಲ್ ನಿಲ್ಲಿಸಿತು, 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಯಾವುದೇ ಸೂತ್ರವನ್ನು ಒಪ್ಪುವ ಮೊದಲು ಅದನ್ನು ಮೂವತ್ತು ವರ್ಷ ಮುಂದಕ್ಕೆ ಲೆಕ್ಕ ಹಾಕಿ ನೋಡಲು ನಿಮ್ಮ ಲೆಕ್ಕಾಧಿಕಾರಿಗೆ ಹೇಳಿ. ಅದು ಒಂದು ಮಧ್ಯಾಹ್ನದ ಕೆಲಸ.

ಮೂರನೆಯದು ಹೊಣೆಯ ಗಡಿ. ದೆಹಲಿಯ ವಿಮಾನ ನಿಲ್ದಾಣ ಮೆಟ್ರೋ ಮಾರ್ಗದಲ್ಲಿ ಸೇತುವೆ, ಸುರಂಗಗಳನ್ನು ಸರ್ಕಾರಿ ನಿಗಮ ಕಟ್ಟಿತು. ಹಳಿ, ರೈಲು ಮತ್ತು ಸಂಚಾರ ಖಾಸಗಿಯವರದ್ದಾಗಿತ್ತು. 2012ರಲ್ಲಿ ಕಟ್ಟಡದ ದೋಷಗಳು ಕಂಡು ಸಂಚಾರ ನಿಂತಾಗ, ದೋಷ ಸರಿಯಾಯಿತೇ ಇಲ್ಲವೇ ಎಂಬ ವಾದ ಮಧ್ಯಸ್ಥಿಕೆ, ಹೈಕೋರ್ಟು, ಸುಪ್ರೀಂ ಕೋರ್ಟು ದಾಟಿ 2024ರ ಕ್ಯುರೇಟಿವ್ (ಅಂತಿಮ ಮರುಪರಿಶೀಲನೆಯ) ತೀರ್ಪಿನವರೆಗೆ ಎಳೆಯಿತು. ನಿಮ್ಮ ಯೋಜನೆಯಲ್ಲಿ ವಿದ್ಯುತ್ ಕಂಬ, ಕುಡಿಯುವ ನೀರಿನ ಕೊಳವೆ, ರೈಲ್ವೆ ಮೇಲ್ಸೇತುವೆ ಇವುಗಳನ್ನು ಯಾರು, ಯಾವ ದಿನಾಂಕದೊಳಗೆ ಮುಗಿಸಿಕೊಡಬೇಕು, ತಡವಾದರೆ ಯಾರ ಖಾತೆಗೆ ಎಂಬುದನ್ನು ಅನುಬಂಧದಲ್ಲಿ ಹೆಸರು ಹಿಡಿದು ಬರೆಸಿ.

ಉತ್ತರ 5 (ನೀರು ಸರಬರಾಜು ಎಂಜಿನಿಯರ್, ಹುಬ್ಬಳ್ಳಿ)

ಚಿಕ್ಕದಾಗಿ ಸೇರಿಸುತ್ತೇನೆ. ಖಾಸಗಿಯವರು ಹಣ ತಂದರೆ ಮಾತ್ರ ಸಹಭಾಗಿತ್ವ ಎಂದು ಭಾವಿಸಬೇಕಾಗಿಲ್ಲ. ಹುಬ್ಬಳ್ಳಿ–ಧಾರವಾಡ, ಬೆಳಗಾವಿ, ಕಲಬುರಗಿಯ ಪ್ರಾತ್ಯಕ್ಷಿಕೆ ವಲಯಗಳಲ್ಲಿ 24 ಗಂಟೆ ನೀರು ಬಂದಾಗ ಬಂಡವಾಳ ವಿಶ್ವಬ್ಯಾಂಕ್ ಸಾಲದ ಮೂಲಕ ಸರ್ಕಾರದ್ದೇ ಆಗಿತ್ತು. ಖಾಸಗಿ ನಿರ್ವಾಹಕರಿಗೆ ಗುರಿ ಮುಟ್ಟಿದ್ದರ ಮೇಲೆ ಶುಲ್ಕ ಕೊಡಲಾಯಿತು. ದಿನಗಟ್ಟಲೆ ನೀರಿಗೆ ಕಾಯುತ್ತಿದ್ದ ಮನೆಗಳಲ್ಲಿ ಹಗಲು ರಾತ್ರಿ ನಲ್ಲಿ ಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಿಮ್ಮ ರಸ್ತೆಯಲ್ಲೂ ನಿರ್ವಹಣೆಯ ಹಣವನ್ನು ಗುಂಡಿ, ದೀಪ, ಅಪಘಾತದ ಸ್ಥಳಕ್ಕೆ ಆಂಬುಲೆನ್ಸ್ ತಲುಪುವ ಸಮಯ ಇಂಥವಕ್ಕೆ ಜೋಡಿಸಿ, ಅಳೆಯುವವರು ಯಾರೆಂದು ಮೊದಲೇ ಗೊತ್ತುಮಾಡಿ.

ಪ್ರಶ್ನೆ ಕೇಳಿದವರು, ಒಂಬತ್ತು ದಿನಗಳ ನಂತರ

ಎಲ್ಲರಿಗೂ ನಮಸ್ಕಾರ. ಧಾರವಾಡದ ಹಿರಿಯರು ಹೇಳಿದಂತೆ ಮೊದಲ ಐದು ಕಿಲೋಮೀಟರಿನ ಪಹಣಿಗಳನ್ನು ತರಿಸಿ ಗೆರೆ ಎಳೆದು ಬಣ್ಣ ಬಳಿದೆ. 41 ಸರ್ವೆ ನಂಬರುಗಳಲ್ಲಿ ಒಂಬತ್ತಕ್ಕೆ ಪೋಡಿ ಆಗಿಲ್ಲ, ಆರರಲ್ಲಿ ಖಾತೆದಾರರು ತೀರಿಕೊಂಡಿದ್ದಾರೆ. ಮಾದರಿಯ ಟಿಪ್ಪಣಿಗೆ ಮುಂಚೆ ಈ ಪಟ್ಟಿಯನ್ನೇ ಮೇಲಕ್ಕೆ ಕಳಿಸಿ, ತಾಲ್ಲೂಕಿನಲ್ಲಿ ಪೋಡಿ ಅದಾಲತ್ ಮಾಡಿಸಲು ಮತ್ತು ವಾಹನ ಗಣತಿಯನ್ನು ಎರಡನೇ ಬಾರಿ ನಡೆಸಲು ನಾಲ್ಕು ತಿಂಗಳ ಸಮಯ ಕೇಳಿದ್ದೇನೆ. ನಮ್ಮ ಗಣತಿ ನಡೆದ ವಾರದಲ್ಲಿ ಆ ದಾರಿಯ ಊರೊಂದರಲ್ಲಿ ಜಾತ್ರೆ ಇತ್ತು ಎಂದು ನಿನ್ನೆ ತಿಳಿಯಿತು.