ಬೆಳಗಿನ ಆನಾಪಾನದಲ್ಲಿ ತೂಕಡಿಕೆ, ಎಣಿಕೆಯೂ ತಪ್ಪುತ್ತೆ

ಟೊಮೆಟೊ_ಮಂಡಿ:
ಮನೆ ಕೋಲಾರ ಎಪಿಎಂಸಿ ಹತ್ತಿರ. ಬೆಳಗ್ಗೆ 5ಕ್ಕೆ 40 ನಿಮಿಷ ಆನಾಪಾನಸತಿಗೆ, ಅಂದ್ರೆ ಉಸಿರು ಗಮನಿಸೋ ಬೌದ್ಧ ಧ್ಯಾನಕ್ಕೆ, ಕೂತರೆ ಕಾಲು ಗಂಟೆಗೆಲ್ಲ ತಲೆ ಜೋತುಬೀಳುತ್ತೆ. ಎಚ್ಚರ ಇದ್ದಾಗ ಉಸಿರಿನ ಎಣಿಕೆ 60, 70 ಮುಟ್ಟುತ್ತೆ, ಉಸಿರು ಮಾತ್ರ ಎಲ್ಲಿದೆಯೋ ಗೊತ್ತಿರಲ್ಲ. ಜೊತೆಗೆ ಲಾರಿ ಹಾರ್ನ್. ಜಾಗ ಬದಲಿಸಲಾ, ಹೊತ್ತು ಬದಲಿಸಲಾ?

ಸೇರು_ಪಾವು:
ಮೊದಲು ಎಣಿಕೆ ಬದಲಿಸಿ. ವಿಸುದ್ಧಿಮಗ್ಗ ಅನ್ನೋ ಹಳೇ ಪಾಲಿ ಧ್ಯಾನಗ್ರಂಥದಲ್ಲಿ ಅದನ್ನ ಬರೆದ ಭಿಕ್ಷು ಬುದ್ಧಘೋಷ ಇದನ್ನ ಖಚಿತವಾಗಿ ಹೇಳಿದ್ದಾನೆ: 5ಕ್ಕೆ ಮುಂಚೆ ನಿಲ್ಲಿಸಬಾರದು, 10 ದಾಟಬಾರದು. 5ರೊಳಗೆ ನಿಲ್ಲಿಸಿದರೆ ಇಕ್ಕಟ್ಟು ದೊಡ್ಡಿಯಲ್ಲಿ ಕೂಡಿದ ದನಗಳ ಹಾಗೆ ಮನಸ್ಸು ಒದ್ದಾಡುತ್ತೆ. 10 ದಾಟಿದರೆ ಉಸಿರು ಬಿಟ್ಟು ಅಂಕಿ ಹಿಡಿಯುತ್ತೆ. ನಿಮಗಾಗಿರೋದು ಇದೇ.

ಶುರುವಿಗೆ ಧಾನ್ಯ ಅಳೆಯೋವನ ಎಣಿಕೆ. ಕಣದಲ್ಲಿ ರಾಗಿ ಅಳೆಯೋರು ಮುಂದಿನ ಸೇರು ತುಂಬೋವರೆಗೂ ಒಂದರ ಬದಲು 'ಲಾಭ, ಲಾಭ' ಅಂತಾನೇ ಇರ್ತಾರಲ್ಲ, ಹಾಗೆ ಒಂದು ಉಸಿರು ಮುಗಿಯೋವರೆಗೆ 'ಒಂದು, ಒಂದು'. ಉಸಿರು ಸ್ಪಷ್ಟವಾದ ಮೇಲೆ ದನಗಾಹಿಯ ಎಣಿಕೆ: ಅವನು ದೊಡ್ಡಿ ಬಾಗಿಲಲ್ಲೇ ಕೂತು, ಬಾಗಿಲಿಗೆ ಬಂದ ದನವನ್ನಷ್ಟೇ ಲೆಕ್ಕ ಹಾಕ್ತಾನೆ. ನಿಮ್ಮ ಬಾಗಿಲು ಮೂಗಿನ ತುದಿ ಅಥವಾ ಮೇಲ್ದುಟಿ. ಉಸಿರಿನ ಹಿಂದೆ ಹೊಟ್ಟೆಗೆ ಇಳೀಬೇಡಿ. ಗಮನ ತಾನಾಗಿ ನಿಂತ ದಿನ ಎಣಿಕೆ ಬಿಟ್ಟುಬಿಡಿ.

ಎಡಬಲ_ಹೆಜ್ಜೆ:
ನಿದ್ದೆಗೆ ಅಂಗುತ್ತರ ನಿಕಾಯದಲ್ಲಿ (ಬುದ್ಧನ ಉಪದೇಶಗಳ ಒಂದು ಸಂಗ್ರಹ) ಬುದ್ಧ ತನ್ನ ಶಿಷ್ಯ ಮೊಗ್ಗಲ್ಲಾನನಿಗೆ ಹೇಳಿದ ಮದ್ದುಗಳಿವೆ, ಸಾಲಾಗಿ: ಯಾವ ಯೋಚನೆಯಲ್ಲಿ ಜೋಂಪು ಹತ್ತಿತೋ ಅದನ್ನ ಬಿಡು, ಕೇಳಿದ ಧಮ್ಮ (ಬುದ್ಧನ ಬೋಧನೆ) ನೆನೆ, ಬಾಯಿಬಿಟ್ಟು ಪಠಿಸು, ಕಿವಿ ಎಳೆದು ಮೈ ಉಜ್ಜು, ಎದ್ದು ಕಣ್ಣಿಗೆ ನೀರು ಹಾಕಿ ನಕ್ಷತ್ರ ನೋಡು, ಬೆಳಕನ್ನ ಮನಸ್ಸಿಗೆ ತಂದುಕೋ, ನಡೆದಾಡು. ಯಾವುದಕ್ಕೂ ಜಗ್ಗದಿದ್ದರೆ ಬಲಮಗ್ಗುಲಿಗೆ ಮಲಗು, ಎದ್ದೇಳೋ ಹೊತ್ತು ಮನಸ್ಸಲ್ಲಿಟ್ಟುಕೊಂಡು. ಮಲಗೋದೂ ಪಟ್ಟಿಯಲ್ಲಿದೆ, ಆದರೆ ಕೊನೆಗೆ!

ರಾತ್ರಿ ಒಂಬತ್ತೂವರೆಗೆ ಎರಡು ಮುದ್ದೆ ಇಳಿಸಿ 5ಕ್ಕೆ ಕೂತರೆ ಯಾವ ಮದ್ದೂ ನಾಟಲ್ಲ. ಎಂಟರೊಳಗೆ ಊಟ ಮುಗಿಸಿ, ಮುದ್ದೆ ಒಂದೇ ಸಾಕು. ಕೂರೋಕೆ ನಾಲ್ಕೈದು ಇಂಚು ದಿಂಬು ಹಾಕಿ ಸೊಂಟ ಮಂಡಿಗಿಂತ ಮೇಲಿರಲಿ. ಬೆನ್ನು ಗೂನಾದರೆ ಗದ್ದ ಎದೆಗೆ ಬರುತ್ತೆ, ಜೊಂಪೂ ಹಿಂದೇನೇ. 40 ನಿಮಿಷ ಒಂದೇ ಸಮ ಬೇಡ. 15 ಕೂತು, 10 ನಡೆದು, ಮತ್ತೆ 15. ನಡೆಯೋಕೆ ತಾರಸಿ ಮೇಲೆ ಮಟ್ಟಸವಾದ 20 ಹೆಜ್ಜೆ ಜಾಗ ಸಾಕು: ಪಾದ ಎತ್ತಿದ್ದು, ಸಾಗಿದ್ದು, ಊರಿದ್ದು ಗೊತ್ತಾಗಬೇಕು. ಅಂತರಗಂಗೆ ಬೆಟ್ಟದ ಮೆಟ್ಟಿಲು ಇದಕ್ಕೆ ಆಗಿಬರಲ್ಲ, ಗಮನವೆಲ್ಲ ಕೋತಿಗಳ ಮೇಲೇ.

ಬರಿ_ಉಸಿರು:
ಒಂದು ತಕರಾರು. ವಿಪಸ್ಸನಾ ಗುರು ಗೋಯೆಂಕಾ ಕ್ರಮದ 10 ದಿನದ ಧ್ಯಾನ ಶಿಬಿರ ಮಾಡಿದ್ದರೆ ಎಣಿಕೆ ಬೆರೆಸಬೇಡಿ. ಅಲ್ಲಿ ಅಂಕಿ, ಮಂತ್ರ ಯಾವುದೂ ಇಲ್ಲ, ಸಹಜ ಉಸಿರು ಮಾತ್ರ. ಬುದ್ಧನ ಉಪದೇಶಗಳ ಇನ್ನೊಂದು ಸಂಗ್ರಹ ಮಜ್ಝಿಮ ನಿಕಾಯ; ಅದರ 118ನೇ ಸುತ್ತದಲ್ಲಿ (ಉಪದೇಶದಲ್ಲಿ) ಹೇಳಿದ ಆನಾಪಾನದ 16 ಹಂತಗಳಲ್ಲೂ ಎಣಿಕೆ ಬರಲ್ಲ. ತೂಕಡಿಕೆ ಬಂದಾಗ ನಾಲ್ಕೈದು ಉಸಿರು ಬೇಕೆಂದೇ ಜೋರಾಗಿ ಎಳೆದು, ಮತ್ತೆ ಸಹಜಕ್ಕೆ ಬನ್ನಿ.

ಹಾರ್ನ್‌ಗೆ ಜಾಗ ಬದಲಿಸೋದು ಬೇಡ. ಸದ್ದು ಕೇಳಿಸಿತು ಅಷ್ಟೇ ಅಂತ ಗುರುತಿಸಿ ಮೇಲ್ದುಟಿಗೆ ವಾಪಸ್. ಡ್ರೈವರ್ ಮೇಲೆ ಸಿಟ್ಟು ಬಂದರೆ ಅದು ವ್ಯಾಪಾದ (ದ್ವೇಷ), ಧ್ಯಾನಕ್ಕೆ ಅಡ್ಡ ಬರೋ ಐದು ನೀವರಣಗಳಲ್ಲೊಂದು. ಅದನ್ನೂ ಗುರುತಿಸಿ.

ಟೊಮೆಟೊ_ಮಂಡಿ:
ಶಿಬಿರ ಮಾಡಿಲ್ಲ. ಹಾಗಾದರೆ ನಾಳೆಯಿಂದ 10ರ ಎಣಿಕೆ, ಸಂಜೆ ಒಂದೇ ಮುದ್ದೆ.